ಜೇನಿನ ಸೀಸೆಗೆ ಬಂದ ಉತ್ತರ

ಯೆಹೂದಿಗಳ ಹೊಸ ವರ್ಷಕ್ಕೆ ಸೇಬಿನ ಹೋಳನ್ನು ಜೇನಿನಲ್ಲಿ ಅದ್ದಿ ತಿನ್ನುವ ವಾಡಿಕೆ ಇದೆ. ನಮ್ಮ ಸಂಕ್ರಾಂತಿಯ ಎಳ್ಳುಬೆಲ್ಲದ ಹಾಗೆ, ಬರುವ ದಿನಗಳು ಸಿಹಿಯಾಗಿರಲಿ ಎಂಬ ಹಾರೈಕೆ. 2019ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದ ಯೆಹೂದಿ ಸಮುದಾಯದವರು ಅಲ್ಲಿನ ಸಂಸದರೊಬ್ಬರಿಗೆ ಹಬ್ಬದ ಶುಭಾಶಯದ ಜೊತೆ ಜೇನಿನ ಸೀಸೆ ಕಳಿಸಿದರು. ಸಂಸದರ ಹೆಸರು ಗೇಬ್ರಿಯಲ್ ಬೋರಿಕ್, ಆಗ ವಯಸ್ಸು 33. ಅವರು ಟ್ವಿಟರ್‌ನಲ್ಲಿ ಕೃತಜ್ಞತೆ ಹೇಳಿದರು. ಹೇಳಿ ಸುಮ್ಮನಾಗಲಿಲ್ಲ. ಅಕ್ರಮವಾಗಿ ಹಿಡಿದಿಟ್ಟುಕೊಂಡ ಪ್ಯಾಲೆಸ್ಟೀನ್ ನೆಲವನ್ನು ಬಿಟ್ಟುಕೊಡಿ ಎಂದು ನೀವು ಇಸ್ರೇಲನ್ನು ಕೇಳುವುದರಿಂದ ಶುರುಮಾಡಬಹುದಲ್ಲ ಎಂಬರ್ಥದ ಮಾತನ್ನೂ ಸೇರಿಸಿದರು. 2022ರ ಮಾರ್ಚ್‌ನಲ್ಲಿ ಅವರೇ ದೇಶದ ಅಧ್ಯಕ್ಷರಾದರು.

ಆಕ್ರಮಿತ ನೆಲದ ವಿಚಾರದಲ್ಲಿ ಬೋರಿಕ್ ತಪ್ಪು ಹೇಳಿದರು ಎಂದು ನನಗನ್ನಿಸುವುದಿಲ್ಲ. ಆದರೆ ಅದನ್ನು ಹೇಳಿದ್ದು ಯಾರಿಗೆ? ಸೀಸೆ ಕಳಿಸಿದವರು ಚಿಲಿಯ ಪ್ರಜೆಗಳು. ಅವರು ಓಟು ಹಾಕುವುದು ಸಾಂತಿಯಾಗೊದಲ್ಲಿ, ಜೆರುಸಲೇಮಿನಲ್ಲಲ್ಲ. ಹಬ್ಬದ ತಟ್ಟೆ ಹಿಡಿದು ಬಂದ ನೆರೆಯವನನ್ನು ಬಾಗಿಲಲ್ಲೇ ನಿಲ್ಲಿಸಿ, ಹದಿಮೂರು ಸಾವಿರ ಕಿಲೋಮೀಟರ್ ಆಚೆಗಿನ ಒಂದು ಸರ್ಕಾರದ ಲೆಕ್ಕ ಒಪ್ಪಿಸು ಅಂದ ಹಾಗಾಯಿತು. ಇದೇ ಪ್ರಶ್ನೆ ಕೆಲವು ವರ್ಷಗಳ ನಂತರ ಜಗತ್ತಿನ ಎಷ್ಟೋ ಊರುಗಳಲ್ಲಿ, ಯೆಹೂದಿಗಳಿಗೂ ಪ್ಯಾಲೆಸ್ಟೀನಿಯನ್ನರಿಗೂ, ಕೆಲವೊಮ್ಮೆ ಚಾಕು ಹಿಡಿದೇ ಎದುರಾಗಲಿತ್ತು.

ಜಗತ್ತಿನಲ್ಲಿ ಯೆಹೂದಿಗಳು ಸುಮಾರು 1.5 ಕೋಟಿ. ಪ್ಯಾಲೆಸ್ಟೀನಿಯನ್ನರೂ ಹೆಚ್ಚುಕಡಿಮೆ ಅಷ್ಟೇ. ಎರಡೂ ಕಡೆಯವರಲ್ಲಿ ಅರ್ಧದಷ್ಟು ಜನ, ಯಾವ ನೆಲಕ್ಕಾಗಿ ಇಷ್ಟೆಲ್ಲ ನಡೆಯುತ್ತಿದೆಯೋ ಆ ನೆಲದ ಹೊರಗೇ ಇದ್ದಾರೆ. ಯುದ್ಧದ ಸುದ್ದಿಯಲ್ಲಿ ಈ ಅರ್ಧ ಕಾಣುವುದು ಕಡಿಮೆ.

ಚಿಲಿಯ ಮಾತು ತೆಗೆದದ್ದಕ್ಕೆ ಕಾರಣವಿದೆ. ಅರಬ್ ಜಗತ್ತಿನ ಹೊರಗೆ ಅತಿ ಹೆಚ್ಚು ಪ್ಯಾಲೆಸ್ಟೀನ್ ಮೂಲದವರು ಇರುವುದು ಅಲ್ಲಿ, ಅಂದಾಜು ನಾಲ್ಕೈದು ಲಕ್ಷ. ಬಹುತೇಕರು ಕ್ರೈಸ್ತರು, ಬೆತ್ಲೆಹೆಮ್ ಮತ್ತು ಅದಕ್ಕೆ ತಾಗಿಕೊಂಡಿರುವ ಬೆತ್ ಜಾಲಾ, ಬೆತ್ ಸಹೂರ್ ಊರುಗಳ ಕಡೆಯವರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೊರಟವರು ಮೊದಲಿಗರು. 1909ರಲ್ಲಿ ಒಟ್ಟೋಮನ್ ಸರ್ಕಾರ ಕ್ರೈಸ್ತರನ್ನೂ ಯೆಹೂದಿಗಳನ್ನೂ ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವ ಕಾನೂನು ತಂದ ಮೇಲೆ ತಾಯಂದಿರು ಮಕ್ಕಳನ್ನು ಇನ್ನಷ್ಟು ಅವಸರದಲ್ಲಿ ಹಡಗು ಹತ್ತಿಸಿದರು. ಬ್ಯೂನಸ್ ಐರಿಸ್‌ನಲ್ಲಿ ಇಳಿದು, ಹೇಸರಗತ್ತೆಗಳ ಮೇಲೆ ಆಂಡಿಸ್ ಪರ್ವತ ದಾಟಿ ಚಿಲಿ ಸೇರಿದವರು ಅನೇಕರು. ಬೆನ್ನ ಮೇಲಿನ ಗಂಟಿನಲ್ಲಿ ಊರಿಂದ ತಂದ ಶಿಲುಬೆಗಳು, ಜಪಮಾಲೆಗಳು; ಆಲಿವ್ ಮರದವು, ಮುತ್ತಿನ ಚಿಪ್ಪಿನವು. ಪವಿತ್ರ ಭೂಮಿಯಿಂದ ಬಂದದ್ದೆಂದರೆ ಕ್ಯಾಥೊಲಿಕ್ ಚಿಲಿಯಲ್ಲಿ ಯಾರು ಬೇಡವೆನ್ನುತ್ತಾರೆ? ಅದು ಮುಗಿದ ಮೇಲೆ ಸೂಜಿ, ದಾರ, ಗುಂಡಿ, ಬಟ್ಟೆ. ಆಮೇಲೆ ಅಂಗಡಿ, ಆಮೇಲೆ ಗಿರಣಿ. ಸಾಂತಿಯಾಗೊದ ಪಾತ್ರೊನಾತೊ ಬಡಾವಣೆಯ ಬಟ್ಟೆ ಪೇಟೆ ಹೀಗೆ ಬೆಳೆಯಿತು. ಚಿಲಿಯ ಯಾವ ಹಳ್ಳಿಗೆ ಹೋದರೂ ಒಬ್ಬ ಪಾದ್ರಿ, ಒಬ್ಬ ಪೊಲೀಸಪ್ಪ, ಒಬ್ಬ ಪ್ಯಾಲೆಸ್ಟೀನಿಯನ್ ಸಿಕ್ಕೇ ಸಿಗುತ್ತಾರೆ ಎಂಬ ಮಾತು ಅಲ್ಲಿ ಗಾದೆಯ ಹಾಗೆ ಓಡಾಡುತ್ತದೆ.

ಬಂದ ಹೊಸತರಲ್ಲಿ ಅವರಿಗೆ ಬಿದ್ದ ಹೆಸರು ಮಾತ್ರ ‘ತುರ್ಕೊ’. ಕಾಗದಪತ್ರ ತುರ್ಕಿಯದ್ದಲ್ಲವೇ, ಹಾಗಾಗಿ ತುರ್ಕರು. (ಅದೇ ಬೇರಿನ ಒಂದು ಬೈಗುಳ ನಮ್ಮ ಕನ್ನಡದಲ್ಲೂ ಇದೆ, ಇಲ್ಲಿ ಬರೆಯಬೇಕಿಲ್ಲ.) ವಿಚಿತ್ರವೆಂದರೆ, ಅದೇ ಕಾಲದಲ್ಲಿ ಬಾಲ್ಕನ್ ಸೀಮೆಯ ಮೊನಸ್ತೀರ್ ಎಂಬ ಊರಿಂದ ಯೆಹೂದಿ ಕುಟುಂಬಗಳೂ ಚಿಲಿಯ ತೆಮೂಕೊಗೆ ಬಂದು ನೆಲೆಸಿದವು. ಮೊನಸ್ತೀರ್ 1912ರವರೆಗೆ ಒಟ್ಟೋಮನ್ ಊರೇ. ಒಬ್ಬ ಸುಲ್ತಾನನ ಪ್ರಜೆಗಳಾಗಿದ್ದ ಬೆತ್ಲೆಹೆಮ್‌ನ ಅರಬ್ ಕ್ರೈಸ್ತ ಮತ್ತು ಮೊನಸ್ತೀರಿನ ಯೆಹೂದಿ, ಇಬ್ಬರೂ ಲ್ಯಾಟಿನ್ ಅಮೆರಿಕದ ಜನರ ಕಣ್ಣಿಗೆ ತುರ್ಕರೇ. ಅವರನ್ನು ಎರಡು ಕಡೆ ನಿಲ್ಲಿಸುವ ಜಗಳ ಇನ್ನೂ ಹುಟ್ಟಿರಲಿಲ್ಲ.

ಅದು ಹುಟ್ಟಿದ ಬಗೆಯಲ್ಲಿ ನಮ್ಮೂರಿನ ಎಳೆಯೂ ಒಂದಿದೆ. 1918ರ ಸೆಪ್ಟೆಂಬರ್ 23ರಂದು ತುರ್ಕಿ ಸೈನ್ಯದ ಕೈಯಿಂದ ಹೈಫಾ ಪಟ್ಟಣವನ್ನು ಗೆದ್ದುಕೊಟ್ಟ ಕುದುರೆ ದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಬೆತ್ಲೆಹೆಮ್‌ನ ತಾಯಂದಿರು ಯಾವ ಸೈನ್ಯಕ್ಕೆ ಮಕ್ಕಳನ್ನು ಕೊಡಲಾರದೆ ಕಡಲಾಚೆ ಕಳಿಸಿದರೋ ಅದೇ ಸೈನ್ಯದ ಎದುರು ನಮ್ಮ ಸವಾರರು ಕುದುರೆ ಓಡಿಸಿದ್ದು. ಗೆದ್ದ ನೆಲ ಬ್ರಿಟಿಷರ ಪಾಲಾಯಿತು. ಬ್ರಿಟಿಷರು 1925ರಲ್ಲಿ ಅಲ್ಲಿಗೊಂದು ಪೌರತ್ವದ ಆಜ್ಞೆ ಹೊರಡಿಸಿದರು. ಹೊಸದಾಗಿ ಬಂದು ಎರಡು ವರ್ಷ ನೆಲೆಸಿದವರಿಗೆ ಪೌರತ್ವದ ದಾರಿ ತೆರೆಯಿತು. ಯುರೋಪಿನಿಂದ ಬರುತ್ತಿದ್ದ ಯೆಹೂದಿಗಳಿಗೆ ಇದರಿಂದ ಅನುಕೂಲವಾಯಿತು. ಅಲ್ಲೇ ಹುಟ್ಟಿ, ದುಡಿಮೆಗೆಂದು ಲ್ಯಾಟಿನ್ ಅಮೆರಿಕಕ್ಕೆ ಹೋಗಿದ್ದ ಸಾವಿರಾರು ಅರಬರ ಅರ್ಜಿಗಳು ತಿರಸ್ಕಾರವಾದವು. ಅವರು ಬ್ರಿಟಿಷ್ ಕಾನ್ಸುಲ್ ಕಚೇರಿಗಳಿಗೆ ಮನವಿಯ ಮೇಲೆ ಮನವಿ ಬರೆದರು. 1948ರಲ್ಲಿ ಇಸ್ರೇಲ್ ಹುಟ್ಟಿದಾಗ ನಿರಾಶ್ರಿತರಾದ ಪ್ಯಾಲೆಸ್ಟೀನಿಯನ್ನರ ಕತೆ ಎಲ್ಲರಿಗೂ ಗೊತ್ತು. ಅದಕ್ಕಿಂತ ಎರಡು ದಶಕ ಮೊದಲೇ, ಒಂದು ಗುಂಡೂ ಹಾರದೆ, ಕಾಗದದ ಮೇಲೆ ಊರು ಕಳೆದುಕೊಂಡವರು ಇವರು.

ಚಿಲಿಯಲ್ಲಿ ಆ ಊರು ಉಳಿದಿರುವುದು ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ. 1920ರಲ್ಲಿ ಶುರುವಾದ ದೆಪೋರ್ತಿವೊ ಪಲೆಸ್ತೀನೊ ದೇಶದ ಮೊದಲ ದರ್ಜೆಯ ತಂಡ. 1955 ಮತ್ತು 1978ರಲ್ಲಿ ಚಾಂಪಿಯನ್. ಅಂಗಿ ಪ್ಯಾಲೆಸ್ಟೀನ್ ಬಾವುಟದ ಬಣ್ಣದ್ದು. 2014ರಲ್ಲಿ ಅಂಗಿಯ ಬೆನ್ನ ಮೇಲಿನ ‘1’ ಎಂಬ ಅಂಕಿಯನ್ನು 1948ಕ್ಕೆ ಮುಂಚಿನ ಪ್ಯಾಲೆಸ್ಟೀನಿನ ನಕ್ಷೆಯ ಆಕಾರದಲ್ಲಿ ಬರೆಸಿದರು. ಆ ನಕ್ಷೆಯಲ್ಲಿ ಇಸ್ರೇಲಿಗೆ ಜಾಗವೇ ಇಲ್ಲವಲ್ಲ ಎಂದು ಚಿಲಿಯ ಯೆಹೂದಿಗಳು ದೂರಿದರು. ಕ್ಲಬ್ಬಿಗೆ ದಂಡ ಬಿತ್ತು, ಅಂಕಿ ಬದಲಾಯಿತು. 2024ರ ಮೇನಲ್ಲಿ ಅದೇ ತಂಡ ಮೈದಾನಕ್ಕೆ ಬಂದ ಬಗೆ ಬೇರೆ. ಪಂದ್ಯಕ್ಕೆ ಮೊದಲು ಆಟಗಾರರು ಪುಟ್ಟ ಮಕ್ಕಳ ಕೈ ಹಿಡಿದು ಬರುವುದು ರೂಢಿ. ಪಲೆಸ್ತೀನೊ ಆಟಗಾರರು ಕೈಯನ್ನು ಹಾಗೆಯೇ ಪಕ್ಕಕ್ಕೆ ಚಾಚಿಕೊಂಡು ಬಂದರು, ಹಿಡಿದುಕೊಳ್ಳಲು ಮಕ್ಕಳಿರಲಿಲ್ಲ; ಗಾಜಾದಲ್ಲಿ ಸತ್ತ ಮಕ್ಕಳ ನೆನಪು ಅದು. ನಕ್ಷೆಯ ಬಗ್ಗೆ ವಾದ ಮಾಡಬಹುದು. ಆ ಖಾಲಿ ಕೈಗಳ ಎದುರು ಯಾರೇನು ವಾದ ಮಾಡಿಯಾರು?

2023ರ ಅಕ್ಟೋಬರ್ 7ರಂದು ಗಾಜಾದ ಹಮಾಸ್ ಸಂಘಟನೆ ಇಸ್ರೇಲಿನ ಮೇಲೆ ನಡೆಸಿದ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಸುಮಾರು 250 ಮಂದಿ ಒತ್ತೆಯಾಳುಗಳಾದರು. ನಂತರದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲಿ 70 ಸಾವಿರ ದಾಟಿತು. ದೂರದಲ್ಲಿದ್ದವರಿಗೆ ಈ ಎರಡೂ ಮುಟ್ಟಿದ್ದು ಮೊಬೈಲಿನ ಮೂಲಕ.

ವಾಟ್ಸ್‌ಆ್ಯಪ್‌ನಲ್ಲಿ ಒಂದು ಬೂದು ಗೀಟು ಬಂದರೆ ಸಂದೇಶ ಹೊರಟಿದೆ, ಎರಡು ಬಂದರೆ ತಲುಪಿದೆ. ಗಾಜಾದಲ್ಲಿ ಅಣ್ಣ, ಅಕ್ಕ, ಅಪ್ಪ ಇದ್ದವರಿಗೆ ಆ ಎರಡನೇ ಗೀಟೇ ದಿನದ ಸುದ್ದಿ. ಅಕ್ಟೋಬರ್ 27ರ ಸಂಜೆ ಗಾಜಾದ ಫೋನು, ಇಂಟರ್ನೆಟ್ ಎಲ್ಲ ಕಡಿದುಹೋಗಿ ಸುಮಾರು ಒಂದೂವರೆ ದಿನ ಗೀಟು ಒಂದರಲ್ಲೇ ನಿಂತಿತು. ಆಗ ಈಜಿಪ್ಟಿನ ಪತ್ರಕರ್ತೆ ಮಿರ್ನಾ ಎಲ್ ಹೆಲ್ಬಾವಿ ಒಂದು ಉಪಾಯ ಹಬ್ಬಿಸಿದರು: ಇ-ಸಿಮ್. ಎಲ್ಲೋ ಇರುವ ಯಾರೋ ಒಂದು ಇ-ಸಿಮ್ ಕೊಂಡು ಅದರ ಕ್ಯೂಆರ್ ಚಿತ್ರ ಕಳಿಸಿದರೆ, ಗಾಜಾದಲ್ಲಿರುವವರು ಗಡಿಯಾಚೆಗಿನ ಈಜಿಪ್ಟ್ ಅಥವಾ ಇಸ್ರೇಲಿನ ಟವರಿಗೆ ಫೋನು ಜೋಡಿಸಿಕೊಳ್ಳಬಹುದು. ಸಾವಿರಾರು ಜನ ಕಳಿಸಿದರು.

ಆಮೇಲೆ ದುಡ್ಡಿನ ಲೆಕ್ಕ. ರಫಾ ಗಡಿ ದಾಟಿಸಲು ಈಜಿಪ್ಟಿನ ಖಾಸಗಿ ಕಂಪನಿಯೊಂದು ವಯಸ್ಕರಿಗೆ ತಲಾ 5,000 ಡಾಲರ್, ಮಕ್ಕಳಿಗೆ 2,500 ಡಾಲರ್ ಕೇಳುತ್ತಿತ್ತು. ತಂದೆ, ತಾಯಿ, ಮೂರು ಮಕ್ಕಳ ಒಂದು ಸಂಸಾರಕ್ಕೆ ನಮ್ಮ ಲೆಕ್ಕದಲ್ಲಿ ಹದಿನಾಲ್ಕು ಲಕ್ಷ ರೂಪಾಯಿಗೂ ಮೇಲೆ. ಹೊರದೇಶದಲ್ಲಿರುವ ಮಗ ಅಪರಿಚಿತರ ಮುಂದೆ ಆನ್‌ಲೈನಿನಲ್ಲಿ ಕೈಯೊಡ್ಡಬೇಕು, ಅದಕ್ಕೆ ಮನೆಯವರ ಫೋಟೊ ಹಾಕಬೇಕು, ಬಂದದ್ದು ಸಾಲದಿದ್ದರೆ ಮೊದಲು ಯಾರನ್ನು ದಾಟಿಸುವುದೆಂದು ನಿರ್ಧರಿಸಬೇಕು. 2024ರ ಮೇ 7ರಂದು ಇಸ್ರೇಲ್ ಸೈನ್ಯ ರಫಾದ ಗಾಜಾ ಬದಿಯನ್ನು ಹಿಡಿದ ಮೇಲೆ ಆ ಬಾಗಿಲೂ ಮುಚ್ಚಿತು. ಅಷ್ಟರಲ್ಲಿ ಅರ್ಧ ಸಂಸಾರ ಕೈರೋದಲ್ಲಿ, ಅರ್ಧ ಡೇರೆಯಲ್ಲಿ ಉಳಿದ ಮನೆಗಳಿದ್ದವು. ನಮ್ಮ ಕರಾವಳಿಯ ಕೆಲವು ಮನೆಗಳಿಗೂ 2023ರ ಆ ಮೊದಲ ವಾರ ಫೋನು ಕಾಯುವುದೆಂದರೇನೆಂದು ತಿಳಿದಿತ್ತು. ಇಸ್ರೇಲಿನಲ್ಲಿ ವೃದ್ಧರ ಆರೈಕೆ ಮಾಡುವ ಭಾರತೀಯರಲ್ಲಿ ಮಂಗಳೂರು, ಉಡುಪಿ ಕಡೆಯವರೂ ಇದ್ದಾರೆ. ಆದರೆ ಅವರನ್ನು ಕರೆತರಲು ವಿಮಾನವಿತ್ತು, ಬರಲು ಊರೂ ಇತ್ತು.

ಫೋನಿನ ಎದುರು ಅಧಿಕಾರವೂ ಕೆಲಸಕ್ಕೆ ಬರುತ್ತಿರಲಿಲ್ಲ. ಆಗ ಸ್ಕಾಟ್ಲೆಂಡಿನ ಸರ್ಕಾರ ನಡೆಸುತ್ತಿದ್ದವರು ಹಮ್ಜಾ ಯೂಸುಫ್. ಅವರ ಪತ್ನಿ ನಾದಿಯಾ ಎಲ್-ನಕ್ಲಾ ಪ್ಯಾಲೆಸ್ಟೀನ್ ಮೂಲದವರು. ಆಕೆಯ ತಂದೆ ತಾಯಿ ನೆಂಟರನ್ನು ನೋಡಿಬರಲೆಂದು ಗಾಜಾಕ್ಕೆ ಹೋಗಿದ್ದಾಗಲೇ ಯುದ್ಧ ಶುರುವಾಗಿ ಸಿಕ್ಕಿಕೊಂಡರು. ಅವರು ಹೊರಬಂದದ್ದು ನವೆಂಬರ್ 3ಕ್ಕೆ. ಅತ್ತೆ ಮಾವ ಬದುಕಿದ್ದಾರೋ ಇಲ್ಲವೋ ಎಂದು ತಿಳಿಯದ ಆ ದಿನಗಳಲ್ಲೇ ಯೂಸುಫ್ ಗ್ಲಾಸ್ಗೊ ಹತ್ತಿರದ ಗಿಫ್ನಾಕ್‌ನ ಯೆಹೂದಿ ಪ್ರಾರ್ಥನಾ ಮಂದಿರಕ್ಕೆ ಹೋದರು. ಅಕ್ಟೋಬರ್ 7ರಂದು ಸತ್ತವರಲ್ಲಿ ಗ್ಲಾಸ್ಗೊ ಕಡೆಯವರೊಬ್ಬರಿದ್ದರು. ಅವರ ತಾಯಿಯನ್ನು ಯೂಸುಫ್ ತಬ್ಬಿಕೊಂಡು ಸಂತೈಸಿದರು. ಈ ಎರಡು ವರ್ಷಗಳಲ್ಲಿ ನಾನು ಕಂಡ ರಾಜಕಾರಣಿಗಳ ಚಿತ್ರಗಳಲ್ಲಿ ನೆನಪಿನಲ್ಲಿ ಉಳಿದದ್ದು ಅದೊಂದೇ.

ಬೇರೆ ಕಡೆ ನಡೆದದ್ದು ಹೀಗಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಪ್ಲೇನ್‌ಫೀಲ್ಡ್‌ನಲ್ಲಿ ಅಕ್ಟೋಬರ್ 14ರಂದು ಪ್ಯಾಲೆಸ್ಟೀನ್ ಮೂಲದ ಆರು ವರ್ಷದ ಹುಡುಗನನ್ನು ಮನೆಯ ಮಾಲೀಕನೇ 26 ಬಾರಿ ಇರಿದು ಕೊಂದ. ಅದಕ್ಕೂ ಮೊದಲು ತಾಯಿಗೂ ಇರಿದಿದ್ದ. ಹಿಂದೆ ಆ ಮಗುವಿಗೆ ಆಟಿಕೆ ತಂದುಕೊಡುತ್ತಿದ್ದ ಮುದುಕ. ವಾರವಿಡೀ ಯುದ್ಧದ ಸುದ್ದಿಯಲ್ಲಿ ಮುಳುಗಿದ್ದವನಿಗೆ ಬಾಡಿಗೆಯವರು ಶತ್ರುಗಳಾಗಿ ಕಂಡರು. ಮರುತಿಂಗಳು ವರ್ಮಾಂಟಿನ ಬರ್ಲಿಂಗ್ಟನ್‌ನಲ್ಲಿ ಮೂವರು ಪ್ಯಾಲೆಸ್ಟೀನ್ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಇಬ್ಬರ ಕೊರಳಲ್ಲಿ ಪ್ಯಾಲೆಸ್ಟೀನಿಯನ್ನರ ಕಪ್ಪು-ಬಿಳಿ ಚೌಕುಳಿಯ ವಸ್ತ್ರ, ಕೆಫಿಯಾ ಇತ್ತು. ಅವರಲ್ಲೊಬ್ಬ ಈಗ ಗಾಲಿಕುರ್ಚಿಯಲ್ಲಿದ್ದಾನೆ.

ಯೆಹೂದಿಗಳ ಕಡೆಯ ಪಟ್ಟಿಯೂ ಉದ್ದವಿದೆ. ಬ್ರಿಟನ್ನಿನ ಯೆಹೂದಿಗಳ ಭದ್ರತಾ ಸಂಸ್ಥೆ 2022ರಲ್ಲಿ ಯೆಹೂದಿ ದ್ವೇಷದ 1,662 ಪ್ರಕರಣ ದಾಖಲಿಸಿತ್ತು. 2023ರಲ್ಲಿ ಅದು 4,000 ದಾಟಿತು. ಬಾಗಿಲ ಚೌಕಟ್ಟಿಗೆ ಹೊಡೆದ ಮೆಝೂಝಾ ಎಂಬ ಪುಟ್ಟ ಪೆಟ್ಟಿಗೆ ಯೆಹೂದಿ ಮನೆಯ ಗುರುತು. ಅದನ್ನು ಕಿತ್ತು ಒಳಗಿಟ್ಟುಕೊಂಡವರಿದ್ದಾರೆ, ತಲೆಯ ಕಿಪ್ಪಾದ ಮೇಲೆ ಕ್ರಿಕೆಟ್ ಟೋಪಿಯಂಥದ್ದನ್ನು ಹಾಕಿಕೊಂಡು ಓಡಾಡುವವರಿದ್ದಾರೆ. ರಷ್ಯಾದ ದಾಗೆಸ್ತಾನದಲ್ಲಿ ಟೆಲ್ ಅವೀವ್‌ನಿಂದ ವಿಮಾನ ಬಂತೆಂದು ಗುಂಪೊಂದು ವಿಮಾನ ನಿಲ್ದಾಣಕ್ಕೇ ನುಗ್ಗಿ ಯೆಹೂದಿಗಳನ್ನು ಹುಡುಕಾಡಿತು. 2025ರ ಅಕ್ಟೋಬರ್ 2, ಯೆಹೂದಿಗಳ ಪವಿತ್ರ ಯೋಮ್ ಕಿಪ್ಪುರ್ ದಿನ, ಮ್ಯಾಂಚೆಸ್ಟರಿನ ಪ್ರಾರ್ಥನಾ ಮಂದಿರದ ಬಾಗಿಲಲ್ಲಿ ನಡೆದ ದಾಳಿಯಲ್ಲಿ ಇಬ್ಬರು ಸತ್ತರು. ಒಬ್ಬರಿಗೆ ತಗುಲಿದ್ದು ದಾಳಿಕೋರನತ್ತ ಹಾರಿಸಿದ ಪೊಲೀಸರ ಗುಂಡು. ಅದೇ ವರ್ಷದ ಡಿಸೆಂಬರ್ 14ರ ಸಂಜೆ ಸಿಡ್ನಿಯ ಬೋಂಡೈ ಕಡಲತೀರದಲ್ಲಿ ಹನುಕ್ಕಾ ಹಬ್ಬಕ್ಕೆ ಸೇರಿದ್ದವರ ಮೇಲೆ ಗುಂಡಿನ ಮಳೆಯಾಗಿ 15 ಜನ ಸತ್ತರು. ಬಂದೂಕು ಹಿಡಿದವರು ಪ್ಯಾಲೆಸ್ಟೀನಿಯನ್ನರಲ್ಲ. ಬರಿಗೈಯಲ್ಲಿ ಒಬ್ಬನ ಬಂದೂಕು ಕಿತ್ತುಕೊಂಡವನು ಸಿರಿಯಾದಿಂದ ವಲಸೆ ಬಂದ ಮುಸ್ಲಿಂ ಹಣ್ಣಿನಂಗಡಿಯವನು.

ಈ ಭಯವನ್ನು ದುಡಿಸಿಕೊಳ್ಳುವ ಮೂರನೆಯವರೂ ಇದ್ದಾರೆ. 2023ರ ಅಕ್ಟೋಬರ್ ಕೊನೆಯಲ್ಲಿ ಪ್ಯಾರಿಸ್ಸಿನ ಗೋಡೆಗಳ ಮೇಲೆ ನೂರಾರು ನೀಲಿ ದಾವೀದ ನಕ್ಷತ್ರಗಳು ರಾತ್ರೋರಾತ್ರಿ ಮೂಡಿದವು. ಅಜ್ಜಂದಿರ ಕಾಲದ ನಾಜಿ ಗುರುತು ಮತ್ತೆ ಬಂತೆಂದು ಜನ ನಡುಗಿದರು. ಬಳಿದು ಸಿಕ್ಕಿಬಿದ್ದವರು ಮೊಲ್ಡೋವಾದ ಒಂದು ಜೋಡಿ. ಹಿಂದೆ ರಷ್ಯಾದ ಕೈವಾಡವಿದೆ ಎಂದು ಫ್ರಾನ್ಸ್ ಹೇಳಿತು. ಮೆಲ್ಬರ್ನಿನ ಆದಾಸ್ ಇಸ್ರೇಲ್ ಪ್ರಾರ್ಥನಾ ಮಂದಿರಕ್ಕೆ 2024ರ ಡಿಸೆಂಬರಿನಲ್ಲಿ ಬೆಂಕಿ ಬಿತ್ತು. ಅದರ ಹಿಂದೆ ಇರಾನ್ ಇದೆಯೆಂದು ಆಸ್ಟ್ರೇಲಿಯಾ ಮರುವರ್ಷ ರಾಯಭಾರಿಯನ್ನೇ ಹೊರಹಾಕಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಎರಡೂ ಕಡೆಯವರು ನೋಯುತ್ತಿದ್ದಾರೆ ಎಂದು ತಕ್ಕಡಿಯನ್ನು ಸಮ ಮಾಡಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ನೋವಿನ ಜಾತಿ ಬೇರೆ ಬೇರೆ. ಲಂಡನ್ನಿನ ಯೆಹೂದಿಯನ್ನು ಕಾಡುವುದು ನಾಳೆ ನನ್ನ ಮಗಳ ಶಾಲೆಯ ಮುಂದೆ ಏನಾದೀತು ಎಂಬುದು. ಅಮೆರಿಕದ ಪ್ಯಾಟರ್ಸನ್ನಿನ ಪ್ಯಾಲೆಸ್ಟೀನಿಯನ್ನನಿಗೆ ಆಗಿಹೋದದ್ದೇ ಮುಗಿದಿಲ್ಲ, ಆಗುತ್ತಿರುವುದಕ್ಕೆ ತಾನು ಕೊಟ್ಟ ತೆರಿಗೆಯ ಹಣವೂ ಹೋಗುತ್ತಿದೆ ಎಂಬ ಸಂಕಟ ಬೇರೆ. ಅಷ್ಟಾದ ಮೇಲೆ ಶೋಕಿಸಲೂ ಅಪ್ಪಣೆ ಬೇಕು. ಬರ್ಲಿನ್ನಿನಲ್ಲಿ ಯುರೋಪಿನ ಅತಿ ದೊಡ್ಡ ಪ್ಯಾಲೆಸ್ಟೀನ್ ಸಮುದಾಯಗಳಲ್ಲೊಂದಿದೆ. 2023ರ ಅಕ್ಟೋಬರಿನಲ್ಲಿ ಅಲ್ಲಿನ ಆಡಳಿತ ಶಾಲೆಗಳಲ್ಲಿ ಕೆಫಿಯಾ ನಿಷೇಧಿಸಲು ಅನುಮತಿ ಕೊಟ್ಟಿತು, ಮೆರವಣಿಗೆಗಳು ಒಂದರ ಹಿಂದೊಂದು ರದ್ದಾದವು. ಫ್ರಾಂಕ್‌ಫರ್ಟ್ ಪುಸ್ತಕ ಮೇಳದಲ್ಲಿ ಪ್ಯಾಲೆಸ್ಟೀನ್ ಲೇಖಕಿ ಅದಾನಿಯಾ ಶಿಬ್ಲಿ ಅವರಿಗೆ ಪ್ರಶಸ್ತಿ ಕೊಡುವ ಸಮಾರಂಭ ಮುಂದಕ್ಕೆ ಹೋಯಿತು. ಹಾಗೆಂದು ಜರ್ಮನಿಯಲ್ಲಿ ಯೆಹೂದಿಗಳ ಬಾಯಿ ತೆರೆದಿತ್ತೇ? ಗಾಜಾವನ್ನು ನಾಜಿಗಳು ಯೆಹೂದಿಗಳನ್ನು ಕೂಡಿಹಾಕಿದ್ದ ಘೆಟ್ಟೊಗೆ ಹೋಲಿಸಿ ಬರೆದದ್ದಕ್ಕೆ ಯೆಹೂದಿ ಲೇಖಕ ಮಾಶಾ ಗೆಸೆನ್ ಅವರ ಪ್ರಶಸ್ತಿ ಸಮಾರಂಭದಿಂದ ಪ್ರಾಯೋಜಕರು ಹಿಂದೆ ಸರಿದರು. ಕೊನೆಗೆ ಅದು ಸಣ್ಣದೊಂದು ಜಾಗದಲ್ಲಿ ಪೊಲೀಸ್ ಕಾವಲಿನಲ್ಲಿ ನಡೆಯಿತು. ಪ್ರಶಸ್ತಿ ಇರುವುದು ಹನ್ನಾ ಆರೆಂಡ್ಟ್ ಹೆಸರಿನಲ್ಲಿ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಹೋದ ಆ ಯೆಹೂದಿ ಚಿಂತಕಿ ಇಸ್ರೇಲನ್ನೂ ಬಿಡದೆ ಟೀಕಿಸಿದವರು. ಅವರೇ ಬಂದಿದ್ದರೂ ಪ್ರಶಸ್ತಿ ಸಿಗುತ್ತಿತ್ತೋ ಇಲ್ಲವೋ.

ಅಮೆರಿಕದಲ್ಲಿ ಇದು ವಲಸೆ ಇಲಾಖೆಯ ವಿಷಯವಾಯಿತು. ಸಿರಿಯಾದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿನ ಪ್ರತಿಭಟನೆಗಳಲ್ಲಿ ಪಾಲ್ಗೊಂಡಿದ್ದ ಮಹಮೂದ್ ಖಲೀಲ್ ಅವರನ್ನು 2025ರ ಮಾರ್ಚ್ 8ರಂದು ಬಂಧಿಸಿದರು. ಮೊದಲ ಮಗು ಹುಟ್ಟಿದಾಗ ಅವರು ಲೂಸಿಯಾನಾದ ಬಂಧನ ಕೇಂದ್ರದಲ್ಲಿದ್ದರು. ಅದೇ ತಿಂಗಳು ಬಂಧನಕ್ಕೊಳಗಾದ ಬದರ್ ಖಾನ್ ಸೂರಿ ಭಾರತೀಯರು, ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು. ಪತ್ನಿಯ ತವರಿನ ಬೇರು ಗಾಜಾದಲ್ಲಿದೆ. ಬೀಗತನವೂ ಒಂದು ಅಪರಾಧವಾಗಬಲ್ಲದು ಎಂದು ತಿಳಿಯಲು ಅವರಿಗೆ ಎರಡು ತಿಂಗಳ ಸೆರೆವಾಸ ಬೇಕಾಯಿತು.

ಮನೆಗಳ ಒಳಗೂ ಬಿರುಕು ಬಿಟ್ಟಿದೆ, ಯೆಹೂದಿ ಮನೆಗಳಲ್ಲಿ ಹೆಚ್ಚು ಕಾಣುವಂತೆ. 2023ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕಪ್ಪು ಅಂಗಿ ತೊಟ್ಟು ಕೂತು ಕದನವಿರಾಮ ಕೇಳಿದ ನೂರಾರು ಜನ ಯೆಹೂದಿಗಳೇ. ಮೂರೇ ವಾರಕ್ಕೆ, ನವೆಂಬರ್ 14ರಂದು, ವಾಷಿಂಗ್ಟನ್ನಿನಲ್ಲಿ ಇಸ್ರೇಲ್ ಪರವಾಗಿ ಸೇರಿದ ಬೃಹತ್ ಜನಸಾಗರವೂ ಯೆಹೂದಿಗಳದ್ದೇ. ಒಂದೇ ಮನೆಯ ಮಗಳು ಅಲ್ಲಿ, ತಂದೆ ಇಲ್ಲಿ. ಗುಲಾಮಗಿರಿಯಿಂದ ಬಿಡುಗಡೆಯಾದ ಕತೆ ಹೇಳುತ್ತ ಉಣ್ಣುವ ಪಾಸ್‌ಓವರ್ ಹಬ್ಬದ ಊಟವನ್ನು 2024ರಲ್ಲಿ ಕೊಲಂಬಿಯಾದ ಪ್ರತಿಭಟನೆಯ ಡೇರೆಗಳ ನಡುವೆಯೇ ಉಂಡ ಯೆಹೂದಿ ವಿದ್ಯಾರ್ಥಿಗಳಿದ್ದರು. ಅದೇ ಆವರಣದಲ್ಲಿ ಓಡಾಡಲು ಅಂಜಿ ಊರಿಗೆ ಹೋದ ಯೆಹೂದಿ ವಿದ್ಯಾರ್ಥಿಗಳೂ ಇದ್ದರು. ಪ್ಯಾಲೆಸ್ಟೀನ್ ಮನೆಗಳಲ್ಲಿ ಹಮಾಸ್ ಬಗೆಗಿನ ಸಿಟ್ಟು ಇದ್ದರೂ ಅದು ಅಡುಗೆಮನೆ ದಾಟುವುದಿಲ್ಲ. ಶವ ಎಣಿಸುವ ಹೊತ್ತಿನಲ್ಲಿ ಆ ಮಾತು ತೆಗೆದವರು ಆಚೆ ಕಡೆಗೆ ಸಾಕ್ಷಿ ಒದಗಿಸಿದಂತಾಗುತ್ತದೆ ಎಂಬ ಹೆದರಿಕೆ.

ಕೆನಡಾದ ವಿನಿಪೆಗ್‌ನಲ್ಲಿ ಹುಟ್ಟಿ ಇಸ್ರೇಲಿಗೆ ಹೋಗಿ ನೆಲೆಸಿದ್ದ ವಿವಿಯನ್ ಸಿಲ್ವರ್, ಗಾಜಾದ ರೋಗಿಗಳನ್ನು ಗಡಿಯಿಂದ ಇಸ್ರೇಲಿನ ಆಸ್ಪತ್ರೆಗಳಿಗೆ ತಮ್ಮ ಕಾರಿನಲ್ಲಿ ಕರೆದೊಯ್ಯುತ್ತಿದ್ದ ಹೆಂಗಸು. ಅಕ್ಟೋಬರ್ 7ರಂದು ಬೇರಿ ಕಿಬ್ಬುಟ್ಸ್ ಎಂಬ ಸಹಕಾರಿ ಹಳ್ಳಿಯಲ್ಲಿ ಸತ್ತರು. ಗುರುತು ಸಿಕ್ಕಿದ್ದು ಐದು ವಾರದ ನಂತರ. ಅದೇ ಕೆನಡಾದ ಟೊರಾಂಟೊದಲ್ಲಿರುವ ವೈದ್ಯ ಇಝೆಲ್ದಿನ್ ಅಬು ಅಲ್-ಐಶ್ ಗಾಜಾದ ಜಬಾಲಿಯಾದವರು, ಇಸ್ರೇಲಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡಿದವರು. 2009ರ ಜನವರಿಯಲ್ಲಿ ಇಸ್ರೇಲಿ ಟ್ಯಾಂಕಿನ ಶೆಲ್ಲಿಗೆ ಮೂವರು ಹೆಣ್ಣುಮಕ್ಕಳನ್ನು ಕಳೆದುಕೊಂಡೂ ದ್ವೇಷಿಸಲಾರೆ ಎಂದವರು. ಈ ಯುದ್ಧದಲ್ಲಿ ಅವರು ಇನ್ನಷ್ಟು ಬಂಧುಗಳನ್ನು ಕಳೆದುಕೊಂಡರು. ಇಂಥವರ ಹೆಸರನ್ನು ಶಾಂತಿಯ ಭಾಷಣಗಳಲ್ಲಿ ಜೋಡಿಯಾಗಿ ಬಳಸುವವರಿದ್ದಾರೆ. ನನಗೆ ಮಾತ್ರ ಅವರ ಬದುಕು ಯಾರ ವಾದಕ್ಕೂ ಒದಗುವುದಿಲ್ಲ ಅನಿಸುತ್ತದೆ.

ಚಿಲಿಗೆ ವಾಪಸು ಬರೋಣ. ಅಧ್ಯಕ್ಷ ಬೋರಿಕ್ 2023ರ ಅಕ್ಟೋಬರ್ ಕೊನೆಯಲ್ಲಿ ಇಸ್ರೇಲಿನಿಂದ ತಮ್ಮ ರಾಯಭಾರಿಯನ್ನು ಕರೆಸಿಕೊಂಡರು. ಮರುವರ್ಷ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಕ್ಷಿಣ ಆಫ್ರಿಕಾ ಹೂಡಿದ ಮೊಕದ್ದಮೆಗೆ ಚಿಲಿಯೂ ಸೇರುವುದೆಂದರು. ಪಾತ್ರೊನಾತೊದವರಿಗೆ ತಮ್ಮ ಮಾತು ಕೇಳುವ ಸರ್ಕಾರ ಕಡೆಗೂ ಸಿಕ್ಕಿತು ಎನಿಸಿತು, ಹದಿನಾರು ಹದಿನೆಂಟು ಸಾವಿರವಷ್ಟೇ ಇರುವ ಯೆಹೂದಿಗಳಿಗೆ ತಮ್ಮ ಅಧ್ಯಕ್ಷರು ತಮಗೆ ಬೆನ್ನು ಹಾಕಿದರು ಎನಿಸಿತು. ಸಾಂತಿಯಾಗೊದ ಲಾಸ್ ಕೋಂದೆಸ್ ಎಂಬ ಅನುಕೂಲಸ್ಥರ ಬಡಾವಣೆಯಲ್ಲಿ ಪ್ಯಾಲೆಸ್ಟೀನಿಯನ್ನರ ಕ್ಲಬ್ಬೂ ಇದೆ, ಯೆಹೂದಿಗಳ ಕ್ಲಬ್ಬೂ ಇದೆ. ಎರಡರ ಸದಸ್ಯರೂ ಒಂದೇ ಉಚ್ಚಾರದ ಸ್ಪ್ಯಾನಿಷ್ ಆಡುತ್ತಾರೆ, ಒಂದೇ ಬಗೆಯ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾರೆ.

ಆ ಪಾಸ್‌ಪೋರ್ಟುಗಳು ಬೇರೆಯಾಗುವುದು ಟೆಲ್ ಅವೀವ್ ವಿಮಾನ ನಿಲ್ದಾಣದ ಕೌಂಟರಿನಲ್ಲಿ. ಯೆಹೂದಿ ಕ್ಲಬ್ಬಿನ ಹುಡುಗ ತನ್ನ ಮನೆತನದವರು ಯಾರೂ ಎಂದೂ ಕಾಲಿಡದ ಆ ನೆಲದಲ್ಲಿ, 1950ರ ಮರಳುವ ಹಕ್ಕಿನ ಕಾಯಿದೆಯಡಿ, ಬೇಕೆಂದರೆ ಪೌರನೇ ಆಗಬಹುದು. ಪ್ಯಾಲೆಸ್ಟೀನ್ ಕ್ಲಬ್ಬಿನ ಹುಡುಗನನ್ನು ಅಡ್ಡಹೆಸರು ನೋಡಿ ಪಕ್ಕಕ್ಕೆ ಕೂರಿಸುತ್ತಾರೆ. ತಾತನ ಹೆಸರೇನು, ಯಾವ ಊರು, ಅಲ್ಲಿ ಯಾರಿದ್ದಾರೆ? ಅಲ್ಲಿಂದಲೇ ತಿರುಗಿಸಿ ಕಳಿಸಿದ್ದೂ ಉಂಟು. ಒಳಗೆ ಬಿಟ್ಟರೆ ಮೂರು ತಿಂಗಳ ಪ್ರವಾಸಿ. ಗಾಜಾದಲ್ಲಿ ಸಾವಿರಾರು ಜನ ಸಾಯುತ್ತಿದ್ದ 2023 ಮತ್ತು 2024ರ ಕ್ರಿಸ್‌ಮಸ್‌ಗಳಲ್ಲಿ ಬೆತ್ಲೆಹೆಮ್ ಸಂಭ್ರಮವನ್ನು ಕೈಬಿಟ್ಟಿತ್ತು, ಹೋಟೆಲುಗಳು ಬಾಗಿಲು ಹಾಕಿದ್ದವು. 2025ರ ಡಿಸೆಂಬರಿನಲ್ಲಿ ಚೌಕದ ಮರಕ್ಕೆ ಮತ್ತೆ ದೀಪ ಬಂತು. ಯಾತ್ರಿಕರಿಲ್ಲದೆ ಒಣಗಿದ್ದ ಅಂಗಡಿಗಳು ಅಲ್ಲೊಂದು ಇಲ್ಲೊಂದು ತೆರೆದವು. ಹೀಗೆ ಪ್ರವಾಸಿಯಾಗಿ ಬಂದ ಚಿಲಿಯ ಹುಡುಗ ಬೆತ್ ಜಾಲಾದಲ್ಲಿ ಮುತ್ತಾತನ ಕಲ್ಲಿನ ಮನೆಯ ಫೋಟೊ ತೆಗೆದುಕೊಳ್ಳುತ್ತಾನೆ, ದೂರದ ಸೋದರತ್ತೆಯ ಮನೆಯಲ್ಲಿ ಸನ್ನೆಯಲ್ಲೇ ಮಾತಾಡಿ ಊಟ ಮಾಡುತ್ತಾನೆ. ಹೊರಡುವಾಗ ಮನೆಯವರಿಗೆಂದು ಆಲಿವ್ ಮರದ ಒಂದು ಶಿಲುಬೆ ಕೊಳ್ಳುತ್ತಾನೆ. ಮುತ್ತಾತ ಆಂಡಿಸ್ ದಾಟಿ ಬಂದು ಮೊದಲು ಮಾರಿದ್ದೂ ಅದನ್ನೇ.